ಜೈತುನ್ಬೀ ಮಣ್ಣಿಗೊಂದು ರಜೆ

ವಾಡಿಯ ಆ ಸಿಮೆಂಟ್ ಕಾರ್ಖಾನೆಯಲ್ಲಿ ರಜೆ ಕೊಡುವುದು ಸಾಹೇಬರಲ್ಲ, ಸಾಫ್ಟ್‌ವೇರ್. ಅದು ಹೂಂ ಅನ್ನದೆ ಪಾಳಿಯ ನಡುವೆ ಯಾರ ಕಾರ್ಡಿಗೂ ಗೇಟು ತೆರೆಯುವುದಿಲ್ಲ. ಅದಕ್ಕೆ ನಿಯಮ ಬರೆದುಕೊಟ್ಟವನು ಅಲ್ಲಿನ ಕಂಪ್ಯೂಟರ್ ವಿಭಾಗದ ಶಿವರಾಯ. ಬರೆದು ಮುಗಿಸಿದ ದಿನ ಪೇಢೆ ಹಂಚಿದ್ದ, ಪಾಪ.

ಬೆಳಿಗ್ಗೆ ಅವನ ಊರು ತೆಂಗಳಿಯಿಂದ ಫೋನು ಬಂತು. ಜೈತುನ್ಬೀ ಹೋದಳು, ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಮಣ್ಣು. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಾಗ ಶಿವರಾಯನಿಗೆ ಆಡಿನ ಹಾಲು ಕುಡಿಸಿ ಸಾಕಿದ ನೆರೆಮನೆಯವಳು ಅವಳು. ಅವಳಿಗೆ ಬೇರೆ ಮಕ್ಕಳಿರಲಿಲ್ಲ. ಹೋಗಿ ಅವಳ ಗೋರಿಗೆ ಒಂದು ಹಿಡಿ ಮಣ್ಣು ಕೊಡಬೇಕು, ಅಷ್ಟೇ ಅವನಿಗೆ ಬೇಕಾಗಿದ್ದುದು.

ಅರ್ಜಿಯಲ್ಲಿ ‘ಸಂಬಂಧ’ ಎಂಬಲ್ಲಿ ‘ಸಾಕಿದವಳು’ ಎಂದು ಬರೆದ. ಪರದೆ ಕೆಂಪಾಯಿತು: ‘ರಜೆಯ ದಿನ ಎಂಬ ಚರಕ್ಕೆ ಬೆಲೆ ಕೊಟ್ಟಿಲ್ಲ.’

ಸಾಫ್ಟ್‌ವೇರಿನ ತಪ್ಪಲ್ಲ. ತಂದೆ, ತಾಯಿ, ಅತ್ತೆ, ಮಾವ, ಹೆಂಡತಿ, ಮಕ್ಕಳು ಸತ್ತರೆ ಎಷ್ಟು ದಿನ ಎಂದು ಶಿವರಾಯನೇ ಬರೆದಿದ್ದ. ಬೇರೆ ಯಾರಾದರೂ ಸತ್ತರೆ ಏನು ಎಂದು ಬರೆದಿರಲಿಲ್ಲ. ಆ ಚರ, ಅಂದರೆ ದಿನದ ಖಾನೆ, ಖಾಲಿ ಉಳಿಯಿತು, ಯಂತ್ರ ಮೊಂಡು ಎತ್ತಿನಂತೆ ಕೂತುಬಿಟ್ಟಿತು.

ಅವನ ಮುಖ ನೋಡಿ ವಿಭಾಗದ ಉಳಿದ ಮೂವರೂ ಬಂದು ಮುತ್ತಿಕೊಂಡರು.

“ತಾಯಿ ಅಂತ ಬರೀರಿ. ಸುಳ್ಳೇನದ ಅದ್ರಾಗ?” ಎಂದಳು ಜಯಮಾಲಾ.

ಬರೆದ. ‘ಈ ನೌಕರರ ತಾಯಿ ಮೊದಲೇ ತೀರಿಕೊಂಡಿದ್ದಾರೆ’ ಎಂದಿತು ಯಂತ್ರ.

“ಅತ್ತಿ ಅಂತ ಹಾಕು,” ಎಂದ ಹಿರಿಯ ಭೀಮಾಶಂಕರ. “ಅತ್ತಿ ಸತ್ರ ಯಾರೂ ತಪಾಸ ಮಾಡಂಗಿಲ್ಲ.”

ಹಾಕಿದ. ‘ಹೆಂಡತಿ ಎಂಬ ಚರಕ್ಕೆ ಬೆಲೆ ಕೊಟ್ಟಿಲ್ಲ.’

“ನಿನಗ ಯಾರೂ ಹೆಣ್ಣ ಕೊಟ್ಟಿಲ್ಲಂತ ಇದಕ್ಕೂ ಗೊತ್ತದ ನೋಡು,” ಎಂದ ಭೀಮಾಶಂಕರ.

“ಸುಳ್ಳ ಸಾಕ್ರಿ,” ಎಂದ ಶಿವರಾಯ. “ನಿಯಮಾನೇ ತಿದ್ತೀನಿ.”

ಕೊನೆಗೆ ಒಂದು ಸಾಲು ಸೇರಿಸಿದ: ಸಂಬಂಧ ಬೇರೆ ಏನೇ ಇದ್ದರೂ ರಜೆ ಒಂದು ದಿನ. ತಿದ್ದುಪಡಿಗೆ ವಿಭಾಗದ ಇನ್ನೊಬ್ಬರು ತಮ್ಮ ಮೇಜಿನಿಂದಲೇ ಒಪ್ಪಿಗೆ ಒತ್ತಬೇಕು. ಭೀಮಾಶಂಕರ ಒತ್ತಿದ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

“ತಡಿ, ಅವಸರ ಮಾಡಬ್ಯಾಡ,” ಎಂದ ಮೂರನೆಯವನಾದ ಲಾಲ್ ಅಹ್ಮದ್. “ಮೊದ್ಲು ನನ್ನ ಅರ್ಜಿ ಹಾಕಿ ನೋಡು. ಹೆಂಗೂ ನಾನೂ ಮಣ್ಣಿಗಿ ಬರಾಂವ.”

ಅವನ ರಜೆ ಹಸಿರಾಯಿತು. ಮತ್ತೊಮ್ಮೆ ಸರಿ ಬರುತ್ತದೆಯೇ ನೋಡೋಣವೆಂದು ಭೀಮಾಶಂಕರ ತನ್ನದನ್ನೂ ಹಾಕಿದ. ಅಲ್ಲಿ ಹೆಂಗಸರ ಜೊತೆ ಕೂರಲು ಒಬ್ಬರಾದರೂ ಬೇಕಲ್ಲ ಎಂದು ಜಯಮಾಲಾ ತನ್ನದನ್ನು ಹಾಕಿದಳು. ಎಲ್ಲವೂ ಹಸಿರು. ಗಾಡಿ ತೆಗೆದಿರುತ್ತೇವೆ ಎಂದು ಮೂವರೂ ಗೇಟು ದಾಟಿದರು. ಇಂಥ ಗೆಳೆಯರು ಯಾರಿಗಿದ್ದಾರೆ ಎಂದುಕೊಂಡ ಶಿವರಾಯ.

ಕಣ್ಣು ಒರೆಸಿಕೊಂಡು ತನ್ನ ಅರ್ಜಿ ಒತ್ತಿದ. ಕೆಂಪು. ‘ಸಂಬಂಧ ಸರಿಯಿದೆ. ಆದರೆ ವಿಭಾಗದಲ್ಲಿ ಒಬ್ಬರಾದರೂ ಉಳಿಯಬೇಕು.’

ಅದೂ ಅವನೇ ಬರೆದ ನಿಯಮ. ತಿದ್ದೋಣವೆಂದರೆ ಒಪ್ಪಿಗೆ ಒತ್ತುವವರು ಮೂವರೂ ಹೊರಗೆ, ರಜೆ ಮೇಲೆ ಹೊರಬಿದ್ದವರ ಕಾರ್ಡಿಗೆ ಗೇಟು ತೆರೆಯುವುದು ಮರುದಿನವೇ. ಭೀಮಾಶಂಕರ ಕಂಬಿ ಹಿಡಿದು ಕಾವಲುಗಾರನ ಜೊತೆ ಜಗಳವಾಡಿದ, ಜಯಮಾಲಾ ಕೈಮುಗಿದಳು.

“ನಂದೇನದರಿ ಇದ್ರಾಗ?” ಎಂದ ಕಾವಲುಗಾರ. “ಶಿವರಾಯ ಸರ್ ಬರ್ದಿದ್ದು.”

ಹೊತ್ತು ವಾಲುತ್ತಿತ್ತು. ಶಿವರಾಯ ಗೇಟಿನ ಒಳಗೆ ನಿಂತು, “ನೀವು ಹೋಗ್ರಿ. ನೀವರೆ ಹೊತ್ತಿಗಿ ಮುಟ್ರಿ,” ಎಂದ.

ಸಂಜೆ ಲಾಲ್ ಅಹ್ಮದ್ ಫೋನು ಮಾಡಿದ.

“ಮಣ್ಣ ಆಯ್ತಪಾ. ಭಾಳ ಹೊತ್ತು ನಿನ್ನ ಹಾದಿ ನೋಡಿದ್ರು. ಊರಾಗ ಯಾರೂ ನಿನ್ನ ಹೆಸರು ಹಿಡಿದು ಕೇಳಲಿಲ್ಲ. ಜೈತುನ್ಬೀ ಮಗಾ ಎಲ್ಲಿ, ಮಗಾ ಎಲ್ಲಿ ಅಂತಾನೇ ಕೇಳಿದ್ರು.”

“ನೀವೇನಂದ್ರಿ?”

“ಸಾಫ್ಟ್‌ವೇರ್ ಅಂದ್ರ ಅವರಿಗಿ ತಿಳೀತದೇನು? ಡ್ಯೂಟಿ ಬಿಟ್ಟು ಬರಾಕ ಆಗಲಿಲ್ಲ ಅಂದ್ವಿ.”

“ಅವ್ರೇನಂದ್ರು?”

“ನಿನ್ನ ಪಾಲಿನ ಮಣ್ಣ ನಮ್ಮ ಕೈಯಾಗ ಕೊಟ್ರು, ನಾವೇ ಹಾಕಿದ್ವಿ.”

ಶಿವರಾಯ ಫೋನು ಇಟ್ಟು, ಮೇಜಿನ ಮೇಲೆ ತಲೆಯೂರಿ, ಅಮ್ಮೀ ಅಮ್ಮೀ ಎಂದು ಬಿಕ್ಕಿ ಬಿಕ್ಕಿ ಅತ್ತ. ಸಮಾಧಾನ ಮಾಡಲು ವಿಭಾಗದಲ್ಲಿ ಯಾರೂ ಇರಲಿಲ್ಲ.