ಚೀಟಿಯಪ್ಪನ ಕಪ್ಪು ಡಬ್ಬಿ

ಸತ್ತ ಲ್ಯಾಪ್‌ಟಾಪಿನೊಳಗೂ ಹಾರ್ಡ್ ಡಿಸ್ಕ್ ಬದುಕಿರುತ್ತದೆ, ಅದನ್ನು ಬಿಚ್ಚಿ ಒಂದು ಡಬ್ಬಿಗೆ ಹಾಕಿದರೆ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದು ಎಂದು ಚೀಟಿಯಪ್ಪನಿಗೆ ಯಾರೋ ಹೇಳಿದ್ದೇ ಎಡವಟ್ಟಿಗೆ ಮೂಲ.

ಚೀಟಿಯಪ್ಪ ಅವನ ನಿಜವಾದ ಹೆಸರಲ್ಲ. ಕಚೇರಿಯ ದಾಖಲೆ ಕೋಣೆಯಲ್ಲಿ ಅವನು ಗುಮಾಸ್ತ. ಕಪಾಟಿನಿಂದ ಯಾವ ಕಡತ ಹೊರಗೆ ಹೋದರೂ ಅದು ಎಲ್ಲಿಗೆ ಹೋಯಿತೆಂದು ಬರೆದ ಚೀಟಿಯೊಂದನ್ನು ಅದರ ಜಾಗದಲ್ಲಿ ಇಡದೆ ಬಿಡುವವನಲ್ಲ. ಇಪ್ಪತ್ತು ವರ್ಷದ ಈ ಅಭ್ಯಾಸ ಅವನ ಹಿಂದೆಯೇ ಮನೆಗೂ ಬಂದಿತ್ತು. ಉಪ್ಪಿನ ಡಬ್ಬಿ ತೊಳೆಯಲು ಹೋದರೆ ಅದರ ಜಾಗದಲ್ಲೂ ಒಂದು ಚೀಟಿ ಕೂತಿರುತ್ತಿತ್ತು.

ಆ ಭಾನುವಾರ ಸಂಜೆ ಆರಕ್ಕೆ ಬಾಮೈದ ಬರುವವನಿದ್ದ. ತೀರಿಕೊಂಡ ಮಾವ ಒಮ್ಮೆ ಸಮುದ್ರದ ದಂಡೆಯಲ್ಲಿ ಪ್ಯಾಂಟು ಮಡಚಿಕೊಂಡು ಬಾಯಿತುಂಬ ನಕ್ಕಿದ್ದರು. ಆ ಮನುಷ್ಯ ಕ್ಯಾಮೆರಾ ಮುಂದೆ ನಕ್ಕಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅತ್ತೆಗೆ ಎಪ್ಪತ್ತು ತುಂಬುವ ದಿನ ಆ ಫೋಟೋಗಳ ಆಲ್ಬಮ್ ಕೊಡಬೇಕೆಂದು ಅಕ್ಕ ತಮ್ಮ ಸೇರಿ ನಿಶ್ಚಯಿಸಿದ್ದರು. ಫೋಟೋಗಳು ತನ್ನ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿವೆ ಎಂದು ಎರಡು ವರ್ಷದಿಂದ ಹೇಳುತ್ತ ಬಂದವನು ಚೀಟಿಯಪ್ಪ. ಆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿ ಆಗಲೇ ಆರು ತಿಂಗಳಾಗಿತ್ತು.

ಬೆಳಿಗ್ಗೆಯೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿಕೊಂಡು ಕೂತ. ಸ್ಕ್ರೂಗಳು ಸಾಸಿವೆಯಷ್ಟು ಸಣ್ಣವು. ಪಕ್ಕದ ಮನೆಯ ವಾಚ್ ರಿಪೇರಿಯವರು ಕರೆಯುವ ಮೊದಲೇ ತಮ್ಮ ಸಲಕರಣೆ ಹಿಡಿದು ಬಂದರು. ಹಿಂದೆಯೇ ಮೇಲಿನ ಮನೆಯ ವಿಮೆ ಏಜೆಂಟರು ಕಾಫಿ ಲೋಟದ ಸಮೇತ ಇಳಿದು ಬಂದು, ಸ್ಕ್ರೂ ಬಿಚ್ಚುವಾಗ ಉಸಿರು ಬಿಡಬಾರದೆಂದು ಸಲಹೆ ಕೊಟ್ಟರು. ಚೀಟಿಯಪ್ಪ ಉಸಿರು ಹಿಡಿದು ಹಿಡಿದು ಕೆಂಪಾದ. ಅಂತೂ ಡಿಸ್ಕ್ ಹೊರಗೆ ಬಂತು.

ಈಗ ಡಬ್ಬಿ ಬೇಕು. ಭಾನುವಾರ, ಅಂಗಡಿ ಮುಚ್ಚಿತ್ತು. ಬೀರು ತಡಕಾಡಿದಾಗ ಮೇಲಿನ ಅರೆಯಲ್ಲಿ ಧೂಳು ಹಿಡಿದ ಕಪ್ಪು ಡಬ್ಬಿಯೊಂದು ಸಿಕ್ಕಿತು. ಅದರೊಳಗೂ ಒಂದು ಡಿಸ್ಕ್ ಇತ್ತು, ಸರಿಯಾಗಿ ಅದೇ ಅಳತೆಯದು.

"ಇದರಲ್ಲಿ ಏನಾದ್ರೂ ಇದೆಯಾ, ನೋಡ್ಕೊಂಡ್ರಾ?" ವಾಚ್ ರಿಪೇರಿಯವರು ಕೇಳಿದರು.

ಚೀಟಿಯಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನಾದ್ರೂ ಇದ್ದಿದ್ರೆ ನಾನು ಚೀಟಿ ಅಂಟಿಸದೆ ಬಿಡ್ತಿದ್ನಾ? ಖಾಲಿ ಇದು."

ಹಾಗಾದರೆ ಆ ಡಿಸ್ಕ್ ತಮಗಿರಲಿ, ಒಳಗೆ ಒಳ್ಳೆಯ ಆಯಸ್ಕಾಂತವಿರುತ್ತದೆ, ನೆಲಕ್ಕೆ ಬಿದ್ದ ಸ್ಕ್ರೂ ಹೆಕ್ಕಲು ಆಗುತ್ತದೆ ಎಂದರು ರಿಪೇರಿಯವರು. ಚೀಟಿಯಪ್ಪ ಧಾರಾಳವಾಗಿ ಕೊಟ್ಟುಬಿಟ್ಟ. ಅವರು ಖುಷಿಯಿಂದ ಮನೆಗೆ ಹೋದರು.

ಲ್ಯಾಪ್‌ಟಾಪಿನ ಡಿಸ್ಕನ್ನು ಕಪ್ಪು ಡಬ್ಬಿಗೆ ಕೂರಿಸಿ ಹೆಂಡತಿಯ ಕಂಪ್ಯೂಟರಿಗೆ ಸಿಕ್ಕಿಸಿದಾಗ ಐದೂವರೆ. ದೀಪ ಮಿನುಗಿತು. ಅವನ ಹೆಸರಿನ ಫೋಲ್ಡರೂ ಕಾಣಿಸಿತು. ಒತ್ತಿದರೆ, ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂದಿತು. ಚೀಟಿಯಪ್ಪ ಕಕ್ಕಾಬಿಕ್ಕಿಯಾದ. ತನ್ನ ಡಿಸ್ಕು, ತನ್ನ ಹೆಸರು, ಅನುಮತಿ ಕೊಡಬೇಕಾದವರು ಯಾರು? ಕಚೇರಿಯಲ್ಲಿ ಎಷ್ಟೋ ಜನರಿಗೆ ಇದೇ ಮಾತು ಹೇಳಿ ವಾಪಸ್ ಕಳಿಸಿದ್ದು ನೆನಪಾಗಿ ಅವನಿಗೆ ಮೊದಲ ಸಲ ಅವರ ಮೇಲೆ ಕನಿಕರ ಹುಟ್ಟಿತು.

ಏಜೆಂಟರು ಏನನ್ನೂ ಒತ್ತಬೇಡಿ ಎಂದರು, ಮರುಕ್ಷಣವೇ ಎಲ್ಲವನ್ನೂ ಒತ್ತಿ ನೋಡಿ ಎಂದರು. ಅಷ್ಟರಲ್ಲಿ ಬಾಮೈದ ಬಂದ. ಬಂದವನೇ ಬಗ್ಗಿ, "ಮುಂದುವರಿಸಿ ಅಂತ ಕೆಳಗೆ ಬರೆದಿದೆಯಲ್ಲ ಭಾವ, ಅದನ್ನ ಒತ್ತಿ" ಎಂದ. ಚೀಟಿಯಪ್ಪ ಒತ್ತಿದ. ಹಸಿರು ಗೆರೆ ಇಷ್ಟಿಷ್ಟೇ ಹರಿಯಿತು. ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಕುರ್ಚಿಯ ಹಿಂದೆ ನಿಂತಳು.

"ಮಾವ" ಎಂಬ ಫೋಲ್ಡರ್ ತೆರೆಯಿತು. ಒಳಗೆ ಒಂದೇ ಒಂದು ಬರಹ. ಹೆಂಡತಿ ಗಟ್ಟಿಯಾಗಿ ಓದಿದಳು:

"ಇಲ್ಲಿದ್ದ ಫೋಟೋಗಳನ್ನು ಹೆಚ್ಚಿನ ಭದ್ರತೆಗಾಗಿ ಕಪ್ಪು ಡಬ್ಬಿಗೆ ವರ್ಗಾಯಿಸಿ, ಇಲ್ಲಿಂದ ಅಳಿಸಲಾಗಿದೆ. ಡಬ್ಬಿ ಬೀರುವಿನ ಮೇಲಿನ ಅರೆಯಲ್ಲಿದೆ."

ಕೆಳಗೆ ಎರಡು ವರ್ಷದ ಹಿಂದಿನ ತಾರೀಖು, ಚೀಟಿಯಪ್ಪನ ಹೆಸರು.

"ಸದ್ಯ," ಹೆಂಡತಿಯ ಕಣ್ಣು ತುಂಬಿತು. "ನೀವು ಚೀಟಿ ಇಟ್ಟಿದ್ದು ಒಳ್ಳೇದಾಯ್ತು ಕಣ್ರೀ. ಕಪ್ಪು ಡಬ್ಬಿ ತನ್ನಿ."

ಕಪ್ಪು ಡಬ್ಬಿ ಎಲ್ಲರ ಕಣ್ಣೆದುರಿಗೇ ದೀಪ ಮಿನುಗಿಸುತ್ತಿತ್ತು. ಅದೇ ಹೊತ್ತಿಗೆ ವಾಚ್ ರಿಪೇರಿಯವರು ನಗುನಗುತ್ತ ಒಳಗೆ ಬಂದು, ಬೆಳ್ಳಿಯಂತೆ ಹೊಳೆಯುವ ದುಂಡನೆಯ ತಗಡೊಂದನ್ನು ಹೆಂಡತಿಯ ಕೈಗಿಟ್ಟರು.

"ಆಯಸ್ಕಾಂತ ನಾನು ತಗೊಂಡೆ. ಇದು ಆ ಕಪ್ಪು ಡಬ್ಬಿಯಲ್ಲಿದ್ದ ಡಿಸ್ಕಿನ ಹೊಟ್ಟೆಯೊಳಗಿತ್ತು. ಎಣ್ಣೆ ಹಾಕಿ ತಿಕ್ಕಿ, ಮೊಳೆಗೆ ನೇತುಹಾಕೋಕೆ ಅಂಚಲ್ಲಿ ತೂತು ಹೊಡೆದಿದೀನಿ. ನಿಮಗೆ ಒಳ್ಳೆ ಕನ್ನಡಿ ಆಗುತ್ತಮ್ಮ."

ಅವಳು ತಗಡನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಂಡನ ಕಡೆ ತಿರುಗಿದರೆ ಕುರ್ಚಿ ಖಾಲಿ. ಅದರ ಮೇಲೆ, ಶಾಯಿ ಇನ್ನೂ ಆರದ ಒಂದು ಚೀಟಿ:

"ಇಲ್ಲಿದ್ದವರು ತಾರಸಿಗೆ, ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗಿದ್ದಾರೆ."

ಓದಿ ಮುಗಿಸಿ, ಹೆಂಡತಿ ಮೆಟ್ಟಿಲು ಹತ್ತತೊಡಗಿದಳು.