ನಿಲ್ಲಿಸಲು ಬಾರದ ಬ್ಯಾಂಡು

ಯಾವ ಕೆಲಸವನ್ನಾದರೂ ಶುರುಮಾಡುವುದು ಸುಲಭ, ನಿಲ್ಲಿಸುವುದೇ ವಿದ್ಯೆ ಎಂದು ನಂಬಿದವನು ನಾನು. ಪಣಂಬೂರಿನ ಬಂದರಿನಲ್ಲಿ ಕ್ರೇನಿಗೆ ಸಿಗ್ನಲ್ ಕೊಡುತ್ತಿದ್ದವನಿಗೆ ಬೇರೆ ನಂಬಿಕೆ ಹೇಗೆ ಬರಬೇಕು? ನಾನು ವಿಸಿಲ್ ಊದಿದರೆ ಆಕಾಶದಲ್ಲಿ ತೂಗುವ ಮರದ ದಿಮ್ಮಿಯೂ ಇದ್ದಲ್ಲೇ ನಿಲ್ಲಬೇಕು. ನಿವೃತ್ತನಾದ ಮೇಲೆ ಆ ವಿಸಿಲ್ ನನ್ನ ಬೀಗದ ಕೈ ಗೊಂಚಲಿಗೆ ಸೇರಿತು. ಅದಕ್ಕೆ ಜಗ್ಗದವಳು ನನ್ನ ಹೆಂಡತಿ ಒಬ್ಬಳೇ.

ವಾಮಂಜೂರಿನ ನಮ್ಮ ಕಾರು ಶೆಡ್ಡಿಗೆ ಮೊಮ್ಮಗಳು ಪ್ರಜ್ಞಾ ತನ್ನ ರಾಕ್ ಬ್ಯಾಂಡನ್ನು ತಂದಾಗ ನನ್ನದು ಒಂದೇ ಷರತ್ತು: ದೀಪ ಹಚ್ಚುವ ಹೊತ್ತಿಗೆ ವಿಸಿಲ್ ಊದುತ್ತೇನೆ, ಊದಿದೊಡನೆ ನಿಲ್ಲಿಸಬೇಕು. ಬ್ಯಾಂಡಿನ ಹೆಸರು 'ತುಕ್ಕು'. ಕಾಲೇಜಿನಲ್ಲಿ ಹುಟ್ಟಿದಾಗ ಅದು ಎಲ್ಲರ ಹಾಗೆ ಹಾಡುತ್ತಿತ್ತಂತೆ. ಹಾಡುವವನು ದುಬೈಗೆ ಹೋದ. ಉಳಿದ ಇಬ್ಬರು ಹಾಡಿಲ್ಲದೆಯೇ ಮುಂದುವರಿದರು. ಅಂದಿನಿಂದ ಅದು ಪ್ರಾಯೋಗಿಕ ಸಂಗೀತ. ಪ್ರಜ್ಞಾ ಗಿಟಾರಿನ ತಂತಿಗಳಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಬಾರಿಸುತ್ತಾಳೆ. ಒಣಹಾಕಿದ ನನ್ನ ಅಂಗಿಗಳು ಹಾರಿ ಪಕ್ಕದ ಗದ್ದೆಗೆ ಬೀಳತೊಡಗಿದ ಮೇಲೆ ನನಗಿದು ತಿಳಿಯಿತು. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಲತೇಶ ಡ್ರಮ್ಮಿನ ಜೊತೆಗೆ ಮೀನಿನ ಬಾಕ್ಸಿಗೂ ಬಡಿಯುತ್ತಾನೆ. ಎರಡೂ ಸೇರಿದರೆ, ಕೆಟ್ಟುಹೋದ ಕ್ರೇನೊಂದು ಅಳುತ್ತಾ ಅಳುತ್ತಾ ನಗತೊಡಗಿದ ಹಾಗೆ.

"ಇದರಲ್ಲಿ ಪಲ್ಲವಿ ಎಲ್ಲಿ ಉಂಟು?" ಎಂದು ಕೇಳಿದೆ.

"ಅದಿಲ್ಲ ಅಜ್ಜ, ಅದೇ ನಮ್ಮ ಸ್ಟೈಲ್" ಎಂದಳು ಪ್ರಜ್ಞಾ.

ಮೊನ್ನೆ ಪೇಟೆಯ ಸಭಾಂಗಣವೊಂದರಲ್ಲಿ ಅವರ ಮೊದಲ ಕಾರ್ಯಕ್ರಮ. "ಇದು ಹಾಳಾದ್ರೆ ಮತ್ತೆ ಬ್ಯಾಂಡ್ ಇಲ್ಲ ಮಾರಾಯ್ತಿ, ನಾನು ಅಪ್ಪನ ಬೋಟಿಗೆ ಹೋಗ್ತೇನೆ" ಎಂದು ಲತೇಶ ಮೊದಲೇ ಪ್ರಜ್ಞಾಳಿಗೆ ಹೇಳಿಬಿಟ್ಟಿದ್ದ. ಶುರುವಾದದ್ದು ಚೆನ್ನಾಗಿಯೇ. ಜನ ತಲೆ ಆಡಿಸಿದರು. ಆಮೇಲೆ ತಲೆ ಆಡಿಸುವುದು ನಿಂತಿತು, ಸಂಗೀತ ನಿಲ್ಲಲಿಲ್ಲ. ಚಪ್ಪಾಳೆಗೆ ಎತ್ತಿದ ಕೈಗಳು ಇಳಿದವು. ಕೆಲವರು ಬಾಗಿಲ ಕಡೆ ನೋಡತೊಡಗಿದರು. ಪ್ರಜ್ಞಾ ಲತೇಶನನ್ನು ನೋಡಿದಳು, ಲತೇಶ ಪ್ರಜ್ಞಾಳನ್ನು ನೋಡಿದ, ಆಮೇಲೆ ಇಬ್ಬರೂ ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕುಳಿತಿದ್ದ ನನ್ನನ್ನು ನೋಡಿದರು. ಆಗ ಹೊಳೆಯಿತು: ಈ ಮಕ್ಕಳು ಈವರೆಗೆ ಶೆಡ್ಡಿನಲ್ಲಿ ಒಂದನ್ನೂ ತಾವಾಗಿ ಮುಗಿಸಿದವರಲ್ಲ. ಮುಗಿಸಿದ್ದೆಲ್ಲ ನನ್ನ ವಿಸಿಲು!

ಸಭೆಯಲ್ಲಿ ವಿಸಿಲ್ ಹೊಡೆಯುವವರನ್ನು ಜೀವಮಾನವಿಡೀ ಬೈದವನು ನಾನು. "ಎಂತ ನೋಡ್ತೀರಿ? ಊದಿ!" ಎಂದು ಹೆಂಡತಿ ಮೊಣಕೈಯಿಂದ ತಿವಿದಳು. ಎದ್ದೆ, ಬಂದರಿನ ಅಭ್ಯಾಸದಂತೆ ಕೈ ಎತ್ತಿದೆ, ಊದಿದೆ. ಇಬ್ಬರೂ ಕತ್ತರಿಸಿದ ಹಾಗೆ ಒಟ್ಟಿಗೆ ನಿಂತರು. ಆಮೇಲೆ ಸಭಾಂಗಣದ ಮಾಡೇ ಹಾರಿಹೋಗುವಂಥ ಚಪ್ಪಾಳೆ. "ಎಂಡಿಂಗ್ ಭಾರೀ ಲಾಯ್ಕ ಉಂಟು ಮಾರಾಯ!" ಎಂದು ಹಿಂದಿನಿಂದ ಯಾರೋ ಹೇಳಿದರು.

ಮರುದಿನ ಹೊಗಳಿಕೆ ನಿರೀಕ್ಷಿಸಿ ಶೆಡ್ಡಿಗೆ ಹೋದೆ. "ಎಲ್ಲ ಸರಿ ಅಜ್ಜ, ನೀವು ಸ್ವಲ್ಪ ಲೇಟ್" ಎಂದ ಲತೇಶ. ನನಗೆ ಯಾರೂ ಹೇಳಿರದ ಮಾತು! ಹಾಗಾಗಿ ಈಗ ನಾನೂ ದಿನಾ ಪ್ರಾಕ್ಟೀಸಿಗೆ ಹೋಗುತ್ತೇನೆ. ದೀಪ ಹಚ್ಚುವ ಹೊತ್ತು ಮೀರಿದರೂ ನಿಲ್ಲದ ನಮ್ಮನ್ನು ನಿಲ್ಲಿಸಲು ಹೆಂಡತಿ ತಪ್ಪಲೆಗೆ ಸೌಟು ಬಡಿಯುತ್ತಾಳೆ. ಆ ಸದ್ದನ್ನೂ ಸೇರಿಸೋಣ ಎಂದು ಪ್ರಜ್ಞಾ ನಿನ್ನೆ ಹೇಳಿದಳು. "ಬೇಡ, ಅವಳಿಗೆ ತಾಳಜ್ಞಾನ ಇಲ್ಲ" ಎಂದು ನಾನು ಕೂಡಲೇ ಹೇಳಿಬಿಟ್ಟೆ.