ಮಾವನ ಪ್ರೀಸೆಟ್ಟುಗಳು

ನಮ್ಮ ಸೋದರಮಾವನಿಗೆ ಮನುಷ್ಯರ ಮುಖವೇ ಕಾಣುವುದಿಲ್ಲ! ಕಣ್ಣಿನ ದೋಷವೇನೂ ಇಲ್ಲ ಬಿಡಿ. ದೂರದ ನಾಲೆ ಏರಿಯ ಮೇಲೆ ಹೋಗುತ್ತಿರುವ ಎಮ್ಮೆ ಯಾರ ಮನೆಯದು ಎಂದು ನಿಂತಲ್ಲಿಂದಲೇ ಹೇಳಬಲ್ಲರು. ಆದರೆ ಮನುಷ್ಯರು ಎದುರಿಗೆ ಬಂದರೆ ಮಾತ್ರ ಅವರಿಗೆ ಕಾಣುವುದು ಆ ಮುಖದ ಮೇಲೆ ಯಾವ ಕಡೆಯಿಂದ ಬೆಳಕು ಬಿದ್ದಿದೆ, ಎಲ್ಲಿ ನೆರಳು ನಿಂತಿದೆ ಎಂಬುದಷ್ಟೇ. ವರ್ಷದ ಮೇಲೆ ಸಿಕ್ಕಿದ ಅಕ್ಕನ ಮಗಳನ್ನು ಯಾರಾದರೂ ಏನೆಂದು ಮಾತಾಡಿಸುತ್ತಾರೆ? ಚೆನ್ನಾಗಿದ್ದೀಯಾ, ಮಕ್ಕಳು ಹೇಗಿದ್ದಾರೆ ಅಂತ ತಾನೇ? ನಮ್ಮ ಮಾವ ನನ್ನ ಭುಜ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದರು.

"ಇಂಗ್ ನಿಂತ್ಕೊ ಕಣವ್ವ. ಮೂಗಿನ್ ಕೆಳ್ಗೆ ನೆರಳು ಬಿದ್ದು ಮೀಸೆ ಬಂದಂಗ್ ಕಾಣ್ತಿದ್ದೀಯ."

ಪಾಂಡವಪುರದಲ್ಲಿ ಅವರದೊಂದು ಲೈಟಿಂಗ್ಸ್ ಅಂಗಡಿ. ನಮ್ಮ ಸೀಮೆಯಲ್ಲಿ ಕಬ್ಬು ಕಡಿಯುವವರು, ಡೇರಿಗೆ ಹಾಲು ಹಾಕುವವರು, ಬಸ್ಸಿನ ಕಂಡಕ್ಟರುಗಳು, ಎಲ್ಲರೂ ಒಂದಲ್ಲ ಒಂದು ಸಲ ಕಿರೀಟ ಇಟ್ಟುಕೊಂಡು ಪೌರಾಣಿಕ ನಾಟಕದಲ್ಲಿ ಗರ್ಜಿಸಿದವರೇ. ಆ ನಾಟಕಗಳಿಗೆಲ್ಲ ಬೆಳಕು ಬಿಡುವವರು ನಮ್ಮ ಮಾವ. ಮೊದಲೆಲ್ಲ ಎರಡು ಕೈಯಲ್ಲೂ ಸ್ವಿಚ್ಚು ಎಳೆದು, ಬಣ್ಣದ ಹಾಳೆ ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಒಂದು ಲ್ಯಾಪ್‌ಟಾಪ್ ಬಂತು, ಅದರೊಳಗೆ ಬೆಳಕು ನಡೆಸುವ ಸಾಫ್ಟ್‌ವೇರು ಬಂತು. ಅದರ ಜೊತೆ ಪ್ರೀಸೆಟ್ಟು ಎಂಬ ಪದ ಬಂದು ನಮ್ಮೆಲ್ಲರ ನೆಮ್ಮದಿ ಹೊರಟುಹೋಯಿತು.

ಪ್ರೀಸೆಟ್ಟು ಅಂದರೇನು ಅಂತ ನಮ್ಮಮ್ಮ ಒಂದೇ ಒಂದು ಸಲ ಕೇಳಿದರು. ತಪ್ಪು ಅವರದೇ.

"ನೀನು ಸಾರಿನ್ ಪುಡಿ ಮಾಡಿಟ್ಕತೀಯಲ್ಲ ಅಕ್ಕ, ಅಂಗೆ. ದಿನಾ ಧನಿಯ ಉರೀತಾ ಕೂತ್ಕತೀಯಾ? ಇಲ್ಲ. ಡಬ್ಬ ತಗ್ದು ಒಂದ್ ಚಮಚ ಆಕ್ತೀಯ. ನಾನೂವೆ ಯಾವ್ ದೀಪ, ಯಾವ್ ಬಣ್ಣ, ಯಾವ್ ಕಡೆಯಿಂದ, ಎಲ್ಲಾ ಒಂದ್ಸಲ ಕೂಡ್ಸಿ, ಒಂದ್ ಹೆಸ್ರು ಕೊಟ್ಟು ಇಟ್ಬುಡ್ತೀನಿ. ನಾಟ್ಕದಲ್ಲಿ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಅದೇ ಡಬ್ಬದಿಂದ ಚಮಚ!"

"ಡಬ್ಬದಲ್ಲಿ ಖಾರ ಜಾಸ್ತಿ ಆದ್ರೆ?" ಅಮ್ಮ ಬಿಡಬೇಕಲ್ಲ!

"ಎಲ್ಲಾ ಸಾರೂ ಖಾರ! ಪ್ರೀಸೆಟ್ಟು ಒಂದು ಬದ್ಲಾಯ್ಸುದ್ರೆ ನಾಟ್ಕದ ಎಲ್ಲಾ ಸೀನೂ ಬದ್ಲಾಯ್ತವೆ. ಅದೇ ಅದ್ರ ಗಮ್ಮತ್ತು."

ಅಮ್ಮನ ಒಲೆಯ ಮೇಲಿದ್ದ ಸಾರು ಅಷ್ಟರಲ್ಲಿ ಉಕ್ಕಿ ಒಲೆ ಆರಿತ್ತು.

ಇನ್ನು ಆ ಪ್ರೀಸೆಟ್ಟುಗಳಿಗೆ ಅವರು ಇಟ್ಟಿದ್ದ ಹೆಸರುಗಳೋ! ಯುದ್ಧಕ್ಕೆ 'ಆಲೆಮನೆ ಒಲೆ', ಬೆಳದಿಂಗಳಿಗೆ 'ನಾಲೆ ನೀರು'. ಋಷಿಗಳ ಆಶ್ರಮಕ್ಕೆ 'ಗೋವಿಂದನಹಳ್ಳಿ ಗುಡಿ ಒಳಗೆ'. ರಾಕ್ಷಸಿ ಕೂದಲು ಕೆದರಿಕೊಂಡು ಬರುವಾಗಿನ ಕೆಂಪು-ಹಸಿರಿನ ಮಿಂಚಿಗೆ ಬರೀ 'ಅಕ್ಕ' ಎಂದಿತ್ತು. ನಮ್ಮಮ್ಮನಿಗೆ ಇಂಗ್ಲಿಷು ಬಾರದು, ಲ್ಯಾಪ್‌ಟಾಪು ತಿಳಿಯದು. ಆದರೆ ಕನ್ನಡದಲ್ಲಿ ದಪ್ಪಗೆ 'ಅಕ್ಕ' ಎಂದಿದ್ದರೆ ಓದಲು ಬರುವುದಿಲ್ಲವೇ? ಮಾವ ಒಂದು ತಿಂಗಳು ನಮ್ಮ ಮನೆಯ ಬಾಗಿಲು ತುಳಿಯಲಿಲ್ಲ.

ಸಂತೆಬಾಚಹಳ್ಳಿಯಲ್ಲಿ ಮಾವನಿಗೆ ದೊಡ್ಡಪ್ಪನಾಗಬೇಕಾದ ನೆಂಟರೊಬ್ಬರು ತೀರಿಕೊಂಡಾಗ ಎಲ್ಲರೂ ಹೋಗಿದ್ದೆವು. ಹೆಂಗಸರು ಅಳುತ್ತಿದ್ದಾರೆ, ಗಂಡಸರು ತಲೆ ತಗ್ಗಿಸಿ ನಿಂತಿದ್ದಾರೆ. ನಮ್ಮ ಮಾವ ಮಾತ್ರ ತಲೆ ಎತ್ತಿಕೊಂಡು ಸೂರು ನೋಡುತ್ತಿದ್ದಾರೆ! ನೋಡನೋಡುತ್ತಲೇ ಒಂದು ಸ್ಟೂಲು ತಂದು ಹತ್ತಿಯೇಬಿಟ್ಟರು.

"ಏನ್ಲಾ ಮಾಡ್ತಿದ್ದೀಯ ಸಾವಿನ್ ಮನೇಲಿ?" ತೀರಿಕೊಂಡವರ ದೊಡ್ಡ ಮಗ ಗದರಿದರು.

"ದೊಡ್ಡಪ್ಪನ್ ಮೊಕ ನೆರಳಾಗದೆ ಕಣಣ್ಣ. ಈ ಟ್ಯೂಬ್‌ಲೈಟು ಒಸಿ ಈ ಕಡೀಕೆ ಜರುಗ್ಸುದ್ರೆ ಸರೋಯ್ತದೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಟ್ಯೂಬ್‌ಲೈಟು ಜರುಗಿದ ಮೇಲೆ ದೊಡ್ಡಪ್ಪನ ಹೆಂಡತಿ ಅಳು ನಿಲ್ಲಿಸಿ ಒಂದು ಗಳಿಗೆ ಗಂಡನ ಮುಖವನ್ನೇ ನೋಡಿದರು. "ಬದ್ಕಿದ್ದಾಗ್ಲೂ ಈಪಾಟಿ ಲಕ್ಷಣವಾಗಿ ಕಂಡಿರ್ನಿಲ್ಲ ಕಣ್ರವ್ವ" ಎಂದು ಮೊದಲಿಗಿಂತ ಜೋರಾಗಿ ಅಳತೊಡಗಿದರು.

ನನ್ನ ರಿಸೆಪ್ಷನ್ನಿನ ಕಥೆ ಹೇಳದೆ ಇದ್ದರೆ ನನಗೇ ಮೋಸ. ಕೆ.ಆರ್. ಪೇಟೆಯ ಛತ್ರ, ಮಾವನ ಉಡುಗೊರೆಯಾಗಿ ಬೆಳಕು. ಅವರ ಹತ್ತಿರ ಇದ್ದದ್ದಾದರೂ ಏನು? ನಾಟಕದ ಪ್ರೀಸೆಟ್ಟುಗಳು! ಹೆಣ್ಣುಗಂಡಿಗೆ ದೇವರು ಪ್ರತ್ಯಕ್ಷವಾಗುವ ಬೆಳಕು ಬಿಟ್ಟರು, ಅದು ಪರವಾಗಿಲ್ಲ. ನನ್ನ ಗಂಡನ ಅಪ್ಪ ಬಂದಾಗ ರಾಜದರ್ಬಾರು, ಅದೂ ಒಪ್ಪುವಂಥದ್ದೇ. ನಾಗಮಂಗಲದ ಕಡೆಯವರಾದ ನಮ್ಮತ್ತೆ ರೇಷ್ಮೆ ಸೀರೆ ಸರಬರ ಎನ್ನಿಸುತ್ತ ಮೆಟ್ಟಿಲು ಹತ್ತಿದರು ನೋಡಿ, ಕೆಂಪು, ಹಸಿರು, ಕೆಂಪು, ಹಸಿರು! ಛತ್ರದಲ್ಲಿದ್ದ ನಾಟಕದ ಹುಚ್ಚಿನವರು ಅಭ್ಯಾಸಬಲದಿಂದ ಶಿಳ್ಳೆ ಹೊಡೆದರು. ನಮ್ಮತ್ತೆ ತಮಗೇ ಶಿಳ್ಳೆ ಬಿತ್ತೆಂದು ಕೈಮುಗಿದು ನಕ್ಕರು. ಆ ಫೋಟೋ ಇವತ್ತಿಗೂ ನಮ್ಮ ನಡುಮನೆಯಲ್ಲಿ ತೂಗುತ್ತಿದೆ. ನಾನು ದಿನಾ ಅದರ ಧೂಳು ಒರೆಸುತ್ತೇನೆ, ಬಾಯಿ ಬಿಡುವುದಿಲ್ಲ.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕು ಹೊಡೆಯಿತು. ಮಾತು ಬಂತು, ಕೈಕಾಲು ಬಂತು. ದೇವರು ದೊಡ್ಡವನು, ಹಾಡುವ ಗಂಟಲೂ ಉಳಿಯಿತು. ಆದರೆ ಮುಖದ ಎಡಭಾಗ ಮಾತ್ರ ಜೋತುಬಿದ್ದದ್ದು ಮೇಲೇಳಲಿಲ್ಲ. ಅಪ್ಪ ಡೇರಿಗೆ ಹೋಗುವುದು ಬಿಟ್ಟರು, ಟೀ ಅಂಗಡಿಯ ಬೆಂಚು ಬಿಟ್ಟರು. ಯಾರಾದರೂ ಬಂದರೆ ಟವೆಲ್ಲನ್ನು ಕೆನ್ನೆಗೆ ಒತ್ತಿ ಹಿಡಿದು ಕೂರುತ್ತಿದ್ದರು. ನಾನು ಹಾಗೆ ಹೀಗೆ ಅಂತ ಕಥೆ ಹೇಳಿ ನಗಿಸಲು ನೋಡಿದರೂ ನಗುತ್ತಿರಲಿಲ್ಲ. ನಕ್ಕರೆ ಬಾಯಿ ಇನ್ನೂ ಓರೆಯಾಗುತ್ತದಲ್ಲ!

ಅಪ್ಪ ನಾಟಕದಲ್ಲಿ ಮೊದಲಿನಿಂದಲೂ ಹಿರೀ ದೊರೆಯ ಪಾರ್ಟು ಹಾಡಿದವರು. ಪಾಂಡವಪುರದ ಸಮುದಾಯ ಭವನದಲ್ಲಿ ಹಗಲು ನಾಟಕ ಆಡುವುದೆಂದು ತೀರ್ಮಾನವಾಯಿತು. ಹಾರ್ಮೋನಿಯಂ ಮೇಷ್ಟ್ರು ಮನೆಗೇ ಬಂದು ಕರೆದರು.

"ನಾನ್ ಒಲ್ಲೆ ಕಣ್ರಪ್ಪ" ಎಂದರು ಅಪ್ಪ. "ಜನ ನೋಡಿ ಅಯ್ಯೋ ಪಾಪ ಅಂತಾರೆ. ಅಯ್ಯೋ ಅನ್ನಿಸ್ಕಳಕೆ ಕಿರೀಟ ಇಟ್ಕಬೇಕಾ?"

ಗೋಡೆಗೊರಗಿ ಕೂತಿದ್ದ ಮಾವ ಥಟ್ಟನೆ ಎದ್ದರು. "ಬಾವ ಬರ್ದಿದ್ರೆ ನಾನೂ ಲೈಟ್ ಆಕಕಿಲ್ಲ. ಕತ್ತಲೇಲಿ ಆಡ್ಕಳಿ!"

ಮೇಷ್ಟ್ರು ಕಂಗಾಲಾಗಿ ಅಪ್ಪನ ಮೊಣಕಾಲು ಹಿಡಿದರು. ತಮ್ಮ ದೆಸೆಯಿಂದ ನಾಟಕ ನಿಲ್ಲುವುದು ಬೇಡ ಎಂದು ಅಪ್ಪ ಒಪ್ಪಿದರು. ತಾಲೀಮಿನ ದಿನ ಮಾವ ಅಪ್ಪನನ್ನು ರಂಗದ ಮೇಲೆ ನಿಲ್ಲಿಸಿ ಬಲಗಡೆಯಿಂದ ಮಾತ್ರ ಬೆಳಕು ಬಿಟ್ಟು, ಫೋಟೋ ತೆಗೆದು ತೋರಿಸಿದರು. ಜೋತ ಕೆನ್ನೆ ಕತ್ತಲಲ್ಲಿ ಮಾಯವಾಗಿತ್ತು. ಉಳಿದರ್ಧದಲ್ಲಿ ನಮ್ಮ ಹಳೆಯ ಅಪ್ಪ ಇದ್ದರು! ನನಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಮೊಬೈಲು ವಾಪಸ್ಸು ಕೊಟ್ಟರು.

"ಎಲ್ರಿಗೂ ತುಂಬ್ದ ಬೆಳಕು, ನಂಗೊಬ್ಬಂಗೇ ಅರ್ಧ. ಇದು ಇನ್ನೂ ಎದ್ದು ಕಾಣ್ತದೆ ಕಣ್ಲಾ. ಬ್ಯಾಡ. ನಾನು ಮೊಕ ಆ ಕಡೀಕ್ ತಿರುಗ್ಸ್ಕಂಡೇ ಆಡ್ಬುಡ್ತೀನಿ."

ನಾಟಕದ ದಿನ ಬಂತು. ಕಿಟಕಿಗಳಿಗೆಲ್ಲ ಕಪ್ಪು ಟಾರ್ಪಾಲು ಹೊದಿಸಿ ಹಗಲನ್ನು ಹೊರಗಟ್ಟಿದ್ದರು. ಪರದೆ ಎದ್ದಿತು. ದೇವರ ಪಾರ್ಟಿನವರು ಬಂದರು, ಅರ್ಧ ಮುಖ! ರಾಣಿ ಬಂದಳು, ಅವಳದೂ ಅರ್ಧ! ನಡುವೆ ಭಾಷಣಕ್ಕೆ ನಿಂತ ನಾಟಕ ಸಂಘದ ಅಧ್ಯಕ್ಷರಿಗೆ ಒಂದೇ ಕಿವಿ! ಶ್ರೀರಂಗಪಟ್ಟಣದಿಂದ ಬಂದಿದ್ದ ಖಳನಾಯಕ ಈ ಪಾರ್ಟಿಗೆಂದೇ ತಿಂಗಳುಗಟ್ಟಲೆ ಎಣ್ಣೆ ಹಾಕಿ ಮೀಸೆ ಬೆಳೆಸಿದ್ದ. ಅವನು ಸೀನು ಮುಗಿಸಿ ನೇರ ಲ್ಯಾಪ್‌ಟಾಪಿನ ಹತ್ತಿರ ಬಂದ.

"ಲೇ, ನನ್ ಅರ್ಧ ಮೀಸೆ ಎಲ್ಲೋಯ್ತಲಾ?"

"ಪ್ರೀಸೆಟ್ಟು ಎಡವಟ್ಟಾಗೋಯ್ತು ಕಣಣ್ಣ. ಮೊಕದ್ ಬೆಳಕಿಂದು ಒಂದ್ ಬದ್ಲಾಗಿದ್ಕೆ ಎಲ್ಲಾ ಸೀನೂ ಬದ್ಲಾಗ್ಬುಟ್ಟವೆ. ಈಗ ಸರಿ ಮಾಡಕಾಗಕಿಲ್ಲ."

"ಥೂ ನಿನ್ ಪ್ರೀಸೆಟ್ಟಿಗಷ್ಟು!"

ಜನರೂ ಬಿಡಲಿಲ್ಲ. "ಲೈಟಿನವ್ನು ನಿದ್ದೆ ಮಾಡ್ತಾವ್ನೆ", "ಇನ್ನರ್ಧ ದುಡ್ಡು ಕೊಟ್ರೆ ಬಿಡ್ತಾನೇನೋ" ಎಂದು ಕೂಗಿದರು. ಮಾವ ತಲೆ ಎತ್ತಲಿಲ್ಲ. ಇಷ್ಟರ ನಡುವೆ ಹಿರೀ ದೊರೆ ಗೋಡೆ ಕಡೆ ಕತ್ತು ತಿರುಗಿಸಿಕೊಂಡೇ ಒಳಬಂದರು. ಪಕ್ಕದಲ್ಲಿದ್ದ ರಾಣಿಯನ್ನು ನೋಡಿದರು, ಮಂತ್ರಿಯನ್ನು ನೋಡಿದರು. ಎಲ್ಲರ ಎಡಗೆನ್ನೆಯೂ ಕತ್ತಲು. ಅಪ್ಪ ಮೆಲ್ಲಗೆ ಜನರ ಕಡೆ ತಿರುಗಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು ಹಾಡಿದರು. ಒನ್ಸ್ ಮೋರ್ ಬಿತ್ತು. ಅಯ್ಯೋ ಎಂದವರು ಒಬ್ಬರೂ ಇಲ್ಲ.

ನಾಟಕ ಮುಗಿದ ಮೇಲೆ ಸಂಘದವರು ಮಾವನನ್ನು ಸುತ್ತುಗಟ್ಟಿ, ಇನ್ನು ನಮ್ಮ ನಾಟಕಕ್ಕೆ ಕಾಲಿಡಬೇಡ ಎಂದು ಹೇಳಿ ಹೋದರು. ಅವರೆಲ್ಲ ಹೋದ ಮೇಲೆ ನಾನು ಹತ್ತಿರ ಹೋಗಿ ಕೂತೆ.

"ಮಾವ, ನಿಜ ಹೇಳು. ಎಡವಟ್ಟಾ?"

ಅವರು ವೈರು ಸುತ್ತುತ್ತಲೇ ಇದ್ದರು. "ಊಂ ಕಣವ್ವ, ಎಡವಟ್ಟು. ನಿಮ್ಮಪ್ಪಂಗೂ ಅಂಗೇ ಯೋಳು."

ಇಷ್ಟು ದಿನ ನಕ್ಕದ್ದೆಲ್ಲ ಈ ಮನುಷ್ಯನನ್ನು ನೋಡಿಯೇ? ಕೈ ಹಿಡಿದುಕೊಳ್ಳೋಣ ಎನ್ನಿಸಿತು. ಅಷ್ಟರಲ್ಲಿ ಯಾರೋ ಟಾರ್ಪಾಲು ಎಳೆದುಹಾಕಿದರು, ಮಧ್ಯಾಹ್ನದ ಬಿಸಿಲು ಭವನದ ತುಂಬ ಸುರಿಯಿತು. ಅದರ ನಡುವೆ ಅಪ್ಪ ಕಿರೀಟ ಕಂಕುಳಲ್ಲಿ ಇರುಕಿಕೊಂಡು, ಟವೆಲ್ಲನ್ನು ಎಲ್ಲೋ ಮರೆತು, ಹತ್ತಾರು ಜನರ ಮಧ್ಯದಿಂದ ದಾಪುಗಾಲು ಹಾಕುತ್ತ ಬಂದರು.

"ಏನ್ಲಾ ಬಡ್ಡೆತ್ತದೇ, ಎಲ್ಲಾರ್ ಮೊಕಾನೂ ನನ್ ಮೊಕದಂಗೇ ಮಾಡ್ಬುಟ್ಟಲ್ಲಲಾ!"

ಹಾಗೆಂದು ಎಲ್ಲರೆದುರಿಗೇ, ಓರೆಬಾಯಿ ತುಂಬ ನಕ್ಕರು.

"ತಪ್ಪಾಯ್ತು ಬಾವ" ಎಂದರು ಮಾವ. ಆಮೇಲೆ ನಮ್ಮಿಬ್ಬರಿಗೂ ಬೆನ್ನು ಮಾಡಿ ಕೂತು, ಆಗಲೇ ಸುತ್ತಿ ಮುಗಿಸಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.